ಒಳಲೆಯಿಂದ ಹಾಲಿನ ಭಂಡಾರದವರೆಗೆ: ದಿನ ತುಂಬದ ಕೂಸಿನ ಪೋಷಣೆಯೂ ರಾಮಾಪುರದ ಸೀಮೆಯೂ

ಅರಸರ ಪಟ್ಟಾಭಿಷೇಕ, ಯುದ್ಧ, ಸಂಧಿಗಳ ಕಾಲನಿರ್ಣಯದಲ್ಲಿ ತೊಡಗಿರುವ ಇತಿಹಾಸಾಭ್ಯಾಸಿಗೆ ಎಳೆಗೂಸಿನ ಆಹಾರವು ವಿಚಾರಯೋಗ್ಯವಾದ ವಿಷಯವೆಂದು ಮೊದಲ ನೋಟಕ್ಕೆ ತೋರದಿರಬಹುದು. ಆದರೆ ಒಂದು ಸಮಾಜವು ತನ್ನಲ್ಲಿ ಅತ್ಯಂತ ದುರ್ಬಲರಾದವರನ್ನು ಹೇಗೆ ನಡೆಸಿಕೊಂಡಿತು ಎಂಬುದೂ ಇತಿಹಾಸದ ಪ್ರಶ್ನೆಯೇ ಆಗಿದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗಿಂತ ದುರ್ಬಲವಾದ ಜೀವ ಮನುಷ್ಯ ಸಮಾಜದಲ್ಲಿ ಬೇರೊಂದಿಲ್ಲ. ಇಂತಹ ಕೂಸಿಗೆ ತಾಯಿಯ ಹಾಲು ಯಾವ ಕಾಲದಲ್ಲಿ ಹೇಗೆ ದೊರೆಯಿತು, ಯಾವ ಕಾರಣದಿಂದ ದೊರೆಯದೆ ಹೋಯಿತು ಎಂಬುದನ್ನು ಹನೂರು ತಾಲ್ಲೂಕಿನ ರಾಮಾಪುರದ ಸೀಮೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ನಮ್ಮ ವಾದವನ್ನು ಮೊದಲೇ ಸಂಗ್ರಹವಾಗಿ ಹೇಳುವುದು ಯುಕ್ತ. ದಿನ ತುಂಬದ ಕೂಸುಗಳು ಹಾಲಿಲ್ಲದೆ ನರಳಿದುದಕ್ಕೆ ತಾಯಂದಿರಲ್ಲಿ ಹಾಲಿನ ಅಭಾವವು ಮುಖ್ಯ ಕಾರಣವಾಗಿರಲಿಲ್ಲ. ಹಾಲಿಗೂ ಕೂಸಿಗೂ ನಡುವೆ ಕಾಲಕಾಲಕ್ಕೆ ಮೂರು ಅಡ್ಡಿಗಳು ಬಂದು ನಿಂತವು. ಮೊದಲನೆಯದು ಸಂಪ್ರದಾಯ, ಎರಡನೆಯದು ಆಸ್ಪತ್ರೆ, ಮೂರನೆಯದು ಮಾರುಕಟ್ಟೆ. ಮೂರೂ ಕೂಸಿನ ಹಿತವನ್ನೇ ಕಾರಣವಾಗಿ ಹೇಳಿಕೊಂಡು ಬಂದುವೆಂಬುದು ಗಮನಾರ್ಹ. ಹಳ್ಳಿಯ ತಾಯಿಯ ಅಜ್ಞಾನವೇ ಎಲ್ಲಕ್ಕೂ ಮೂಲವೆಂದು ಹೇಳುವ ವಾಡಿಕೆಯನ್ನು ಈ ಇತಿಹಾಸವು ಸಮರ್ಥಿಸುವುದಿಲ್ಲ.

೧. ವಿಷಯ ನಿರ್ಣಯ

ಗರ್ಭದ ೩೭ ವಾರಗಳು ತುಂಬುವ ಮೊದಲು ಜನಿಸಿದ ಕೂಸನ್ನು ದಿನ ತುಂಬದ ಕೂಸೆಂದು ಇಂದಿನ ವೈದ್ಯಶಾಸ್ತ್ರ ಎಣಿಸುತ್ತದೆ. ಹಿಂದೆ ತೂಕವೊಂದೇ ಅಳತೆಗೋಲಾಗಿದ್ದಿತು. ಫಿನ್ಲೆಂಡಿನ ವೈದ್ಯ ಆರ್ವೊ ಯುಲ್ಪೊ ೧೯೧೯ರಲ್ಲಿ ೨,೫೦೦ ಗ್ರಾಮುಗಳ ಮಿತಿಯನ್ನು ಸೂಚಿಸಿದನು. ವಿಶ್ವ ಆರೋಗ್ಯ ಸಂಸ್ಥೆಯು ೧೯೪೮ರಲ್ಲಿ ಅದನ್ನೇ ಅಂಗೀಕರಿಸಿತು. ತೂಕ ಕಡಿಮೆಯಾದ ಕೂಸುಗಳೆಲ್ಲ ದಿನ ತುಂಬದವುಗಳೇ ಆಗಿರಬೇಕಾಗಿಲ್ಲವೆಂಬುದು ಸ್ಪಷ್ಟವಾದ ಮೇಲೆ ೧೯೬೧ರಲ್ಲಿ ಆ ಸಂಸ್ಥೆಯ ತಜ್ಞರ ಸಮಿತಿಯು ಇವೆರಡನ್ನೂ ಬೇರೆಬೇರೆಯಾಗಿ ಹೆಸರಿಸಿತು. ನಮ್ಮ ನಾಡಿಗೆ ಈ ವಿವೇಚನೆ ಅತ್ಯಗತ್ಯವಾದುದು. ದಿನ ತುಂಬಿಯೂ ತಾಯಿಯ ಬಡತನದಿಂದಾಗಿ ಹಗುರವಾಗಿ ಹುಟ್ಟುವ ಕೂಸುಗಳು ಇಲ್ಲಿ ಬಹಳ.

ದಿನ ತುಂಬದ ಕೂಸಿನ ಕಷ್ಟವು ಎರಡು ಬಗೆಯದು. ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಸುಮಾರು ೩೪ನೆಯ ವಾರದವರೆಗೆ ಅದಕ್ಕೆ ಬಂದಿರುವುದಿಲ್ಲ. ಆದುದರಿಂದ ತಾಯಿಯ ಎದೆಯಲ್ಲಿ ಹಾಲು ತುಂಬಿದ್ದರೂ ಕೂಸು ತಾನಾಗಿ ಕುಡಿಯಲಾರದು. ಎರಡನೆಯದಾಗಿ, ಗರ್ಭದ ಕೊನೆಯ ತಿಂಗಳುಗಳಲ್ಲಿ ಸಂಗ್ರಹವಾಗಬೇಕಾಗಿದ್ದ ಕೊಬ್ಬು, ಸುಣ್ಣಾಂಶ, ರಂಜಕ, ಕಬ್ಬಿಣಾಂಶಗಳು ಅದರ ಮೈಯಲ್ಲಿ ಸೇರಿರುವುದಿಲ್ಲ. ಬೇಕಾದುದು ಹೆಚ್ಚು, ಕುಡಿಯುವ ಶಕ್ತಿ ಕಡಿಮೆ. ಮುಂದೆ ಹೇಳುವ ಇತಿಹಾಸವೆಲ್ಲ ಈ ವೈಷಮ್ಯದ ಸುತ್ತ ನಡೆದುದು.

೨. ಸೀಮೆಯ ಪರಿಚಯ

ರಾಮಾಪುರವು ಹನೂರು ತಾಲ್ಲೂಕಿನ ಹೋಬಳಿ ಕೇಂದ್ರ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ ಕೊಳ್ಳೇಗಾಲದ ಸೀಮೆಯು ಇಂಗ್ಲಿಷರ ವಶಕ್ಕೆ ಹೋಗಿ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಭಾಷೆಯಿಂದ ಕನ್ನಡವಾಗಿ, ಆಡಳಿತದಿಂದ ಮದರಾಸಾಗಿ ಒಂದೂವರೆ ಶತಮಾನಕ್ಕೂ ಮಿಗಿಲಾಗಿ ಉಳಿದ ಈ ಸೀಮೆಯು ೧೯೫೬ರ ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿಕೊಂಡಿತು. ಮೊದಲು ಮೈಸೂರು ಜಿಲ್ಲೆಯಲ್ಲಿಯೂ ೧೯೯೭ರಿಂದ ಚಾಮರಾಜನಗರ ಜಿಲ್ಲೆಯಲ್ಲಿಯೂ ಇರುವ ಕೊಳ್ಳೇಗಾಲ ತಾಲ್ಲೂಕಿನಿಂದ ಹನೂರು ಬೇರೆ ತಾಲ್ಲೂಕಾದುದು ೨೦೧೮ರಲ್ಲಿ.

ಈ ಆಡಳಿತದ ಇತಿಹಾಸಕ್ಕೂ ಕೂಸಿನ ಹಾಲಿಗೂ ಸಂಬಂಧವಿದೆ. ಕೊಯಮತ್ತೂರಿನ ದೃಷ್ಟಿಯಲ್ಲಿ ಕೊಳ್ಳೇಗಾಲವು ಬೆಟ್ಟಗಳಾಚೆಯ ದೂರದ ಮೂಲೆ. ಪಕ್ಕದ ಮೈಸೂರು ಸಂಸ್ಥಾನಕ್ಕೆ ಅದು ಪರರಾಜ್ಯ. ಜಿಲ್ಲಾ ಕೇಂದ್ರದಿಂದ ಬಹುದೂರದಲ್ಲಿದ್ದ ಕಾಡುಸೀಮೆಗೆ ರಸ್ತೆ, ಆಸ್ಪತ್ರೆಗಳು ತಡವಾಗಿ ಬಂದುದರಲ್ಲಿ ಆಶ್ಚರ್ಯವಿಲ್ಲ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯಂತಹ ಧರ್ಮಸಂಸ್ಥೆಗಳು ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿದುವು. ಆದರೂ ಮಲೆಮಹದೇಶ್ವರ ಬೆಟ್ಟದ ಸುತ್ತಣ ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ಪಡಸಲನತ್ತ ಮೊದಲಾದ ಊರುಗಳಿಗೆ ಈ ಶತಮಾನದಲ್ಲಿಯೂ ಸರಿಯಾದ ರಸ್ತೆಯಿಲ್ಲದೆ, ಬಸುರಿಯರನ್ನೂ ರೋಗಿಗಳನ್ನೂ ಡೋಲಿಯಲ್ಲಿ ಹೊತ್ತು ಇಳಿಸಿದ ಸಂಗತಿ ಸರ್ವವಿದಿತ. ಒಂದೂವರೆ ಕಿಲೋಗ್ರಾಂ ತೂಕದ ಕೂಸಿನ ಮಟ್ಟಿಗೆ ಇಂತಹ ದೂರವು ಭೂಗೋಳದ ವಿಷಯವಾಗಿ ಮಾತ್ರ ಉಳಿಯುವುದಿಲ್ಲ. ಅದು ಗಂಟೆಗಂಟೆಗೂ ಮೈ ತಣ್ಣಗಾಗುವ, ಹೊಟ್ಟೆ ಬರಿದಾಗುವ ಕಾಲವೂ ಹೌದು.

೩. ಶಾಸ್ತ್ರ, ಸಂಪ್ರದಾಯ ಮತ್ತು ಒಳಲೆ

ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿದರೂ ಉಳಿಯಬಹುದು, ಎಂಟರಲ್ಲಿ ಹುಟ್ಟಿದ್ದು ಉಳಿಯದು ಎಂಬ ನಂಬಿಕೆ ಕನ್ನಡ ನಾಡಿನಲ್ಲಿ ಇಂದಿಗೂ ಕೇಳಿಬರುತ್ತದೆ. ಇದು ಬಹಳ ಹಳೆಯ ಮತ. ಎಂಟನೆಯ ತಿಂಗಳಲ್ಲಿ ಓಜಸ್ಸು ಅಸ್ಥಿರವಾಗಿರುವುದರಿಂದ ಆಗ ಜನಿಸಿದ ಶಿಶು ಬದುಕಲಾರದೆಂದು ಸುಶ್ರುತನ ಶಾರೀರಸ್ಥಾನವು ಹೇಳುತ್ತದೆ. ಗ್ರೀಸಿನ ಹಿಪೊಕ್ರೆಟಿಸನ ಹೆಸರಿನಲ್ಲಿರುವ ಗ್ರಂಥಸಮೂಹದಲ್ಲಿಯೂ ಎಂಟು ತಿಂಗಳ ಶಿಶುವನ್ನು ಕುರಿತು ಇಂತಹುದೇ ಅಭಿಪ್ರಾಯವುಂಟು. ಒಂದು ತಿಂಗಳು ಹೆಚ್ಚು ಗರ್ಭದಲ್ಲಿದ್ದ ಕೂಸಿಗೆ ಬದುಕುವ ಅವಕಾಶವೂ ಹೆಚ್ಚೆಂಬುದು ಇಂದು ನಿರ್ವಿವಾದ. ಆದರೆ ಈ ನಂಬಿಕೆಯ ಪರಿಣಾಮವು ಗಂಭೀರವಾದುದು: ಬದುಕದೆಂದು ನಿರ್ಣಯಿಸಿದ ಕೂಸಿಗೆ ಹಾಲೆರೆಯುವ ಶ್ರಮವನ್ನು ಯಾರು ತಾನೆ ವಹಿಸಿಯಾರು?

ಮೊದಲ ಹಾಲಿನ ವಿಚಾರದಲ್ಲಿಯೂ ಶಾಸ್ತ್ರದ ಮಾತನ್ನು ಎಚ್ಚರದಿಂದ ಓದಬೇಕು. ಹೆರಿಗೆಯಾದ ಮೂರು ಅಥವಾ ನಾಲ್ಕು ರಾತ್ರಿಗಳ ಮೇಲೆ ಸ್ತನ್ಯವು ಪ್ರವರ್ತಿಸುತ್ತದೆಂದು ಹೇಳಿ, ಅದುವರೆಗೆ ಜೇನು, ತುಪ್ಪಗಳನ್ನು ಸುಶ್ರುತ ಸಂಹಿತೆಯು ವಿಧಿಸುತ್ತದೆ. ಚರಕ ಸಂಹಿತೆಯಲ್ಲಾದರೋ ಜಾತಕರ್ಮದಲ್ಲಿ ಜೇನುತುಪ್ಪಗಳನ್ನು ನೆಕ್ಕಿಸಿದೊಡನೆಯೇ ಬಲಗಡೆಯ ಸ್ತನವನ್ನು ಕೊಡಬೇಕೆಂದಿದೆ. ಹೀಗೆ ಶಾಸ್ತ್ರದಲ್ಲಿಯೇ ಎರಡು ದಾರಿಗಳಿದ್ದುವು. ಲೋಕಾಚಾರದಲ್ಲಿ ಉಳಿದುಕೊಂಡುದು ಮೊದಲನೆಯ ದಾರಿ. ಹಳದಿಯಾದ ಮೊದಲ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಜೇನು, ಹರಳೆಣ್ಣೆ, ಸಕ್ಕರೆನೀರುಗಳನ್ನು ನೆಕ್ಕಿಸುವ ಪದ್ಧತಿ ನಮ್ಮ ನಾಡಿನ ಹಲವೆಡೆ ಬೆಳೆಯಿತು. ರೋಗವನ್ನು ತಡೆಯುವ ಅಂಶಗಳು ಆ ಮೊದಲ ಹಾಲಿನಲ್ಲಿಯೇ ಅತಿ ಹೆಚ್ಚಾಗಿರುವುದೆಂದು ಈಗ ತಿಳಿದಿದೆ. ದಿನ ತುಂಬಿದ ಕೂಸು ಈ ನಷ್ಟವನ್ನು ತಾಳಿಕೊಂಡರೂ ದಿನ ತುಂಬದ್ದು ತಾಳಲಾರದು.

ಆದರೆ ಸಂಪ್ರದಾಯವನ್ನು ದೋಷಗಳ ಪಟ್ಟಿಯೆಂದು ಮಾತ್ರ ಕಾಣುವುದು ಇತಿಹಾಸಜ್ಞನಿಗೆ ತಕ್ಕುದಲ್ಲ. ತಾಯಿಗೆ ಹಾಲಿಲ್ಲದಾಗ ಧಾತ್ರಿಯನ್ನು, ಎಂದರೆ ಹಾಲೂಡಿಸುವ ದಾದಿಯನ್ನು, ನೇಮಿಸಬೇಕೆಂದು ಸಂಹಿತೆಗಳು ಹೇಳುವುದಲ್ಲದೆ ಅವಳ ಆರೋಗ್ಯ, ನಡತೆಗಳ ಲಕ್ಷಣವನ್ನೂ ಹಾಲಿನ ಪರೀಕ್ಷೆಯನ್ನೂ ವಿವರಿಸುತ್ತವೆ. ನೀರಿಗೆ ಹಾಕಿದಾಗ ಎಳೆಯೆಳೆಯಾಗದೆ ಸಮನಾಗಿ ಬೆರೆಯುವ ಹಾಲು ಶುದ್ಧವೆಂಬುದು ಅಂದಿನ ಪರೀಕ್ಷೆ. ಪರರ ಹಾಲನ್ನು ಪರೀಕ್ಷಿಸಿ ಸ್ವೀಕರಿಸಬೇಕೆಂಬ ತತ್ತ್ವವನ್ನು ಇಂದಿನ ಹಾಲಿನ ಭಂಡಾರವೂ ಅನುಸರಿಸುತ್ತದೆ.

ಇನ್ನು ಒಳಲೆಯ ಮಾತು. ಚಿಪ್ಪಿನ ಆಕಾರದ, ಒಂದು ಕಡೆ ಮೂತಿ ಚಾಚಿದ ಈ ಪುಟ್ಟ ಪಾತ್ರೆಯನ್ನು ಕಂಚಿನಿಂದಲೋ ಬೆಳ್ಳಿಯಿಂದಲೋ ಮಾಡಿ ಕನ್ನಡ ನಾಡಿನ ಮನೆಗಳಲ್ಲಿ ಎಳೆಯ ಕೂಸುಗಳಿಗೆ ಹಾಲನ್ನೂ ಮದ್ದನ್ನೂ ಹನಿಸುತ್ತಿದ್ದರು. ತಮಿಳರು ಇದನ್ನು ಪಾಲಾಡೈ ಎನ್ನುತ್ತಾರೆ. ಹೀರಲಾರದ ಕೂಸಿಗೆ ಹಾಲನ್ನು ತಲುಪಿಸುವ ಉಪಾಯ ನಮ್ಮ ಅಡಿಗೆಮನೆಯ ಗೂಡಿನಲ್ಲಿಯೇ ಇದ್ದಿತೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

೪. ಕಾವುಪೆಟ್ಟಿಗೆಯ ಕಾಲ

ಆಧುನಿಕ ಆಸ್ಪತ್ರೆಯು ದಿನ ತುಂಬದ ಕೂಸಿನತ್ತ ಗಮನ ಹರಿಸಿದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಪ್ಯಾರಿಸ್ ನಗರದಲ್ಲಿ. ಅಲ್ಲಿಯ ಹೆರಿಗೆ ಆಸ್ಪತ್ರೆಯಲ್ಲಿ ತಾರ್ನಿಯೆ ಎಂಬ ವೈದ್ಯನು ೧೮೮೦ರ ದಶಕದ ಆರಂಭದಲ್ಲಿ ಕಾವುಪೆಟ್ಟಿಗೆಯನ್ನು ಬಳಕೆಗೆ ತಂದನು. ಅದೇ ದಶಕದಲ್ಲಿ ಸಪುರವಾದ ನಳಿಕೆಯ ಮೂಲಕ ಹಾಲನ್ನು ನೇರವಾಗಿ ಹೊಟ್ಟೆಗೆ ಇಳಿಸುವ ವಿಧಾನವನ್ನೂ ಪ್ರಚುರಪಡಿಸಿದನು. ಅವನ ಶಿಷ್ಯ ಪಿಯರ್ ಬುದಾಂ ೧೯೦೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೈಶಾಖ, ಆಹಾರ, ರೋಗನಿವಾರಣೆ ಈ ಮೂರನ್ನೂ ಮುಖ್ಯವೆಂದು ಎಣಿಸಿ, ಇವುಗಳೊಡನೆ ಮತ್ತೊಂದು ಸೂಕ್ಷ್ಮವನ್ನು ಗುರುತಿಸಿದನು: ಕೂಸನ್ನು ಪೆಟ್ಟಿಗೆಯಲ್ಲಿಟ್ಟು ತಾಯಿಯನ್ನು ದೂರವಿರಿಸಿದರೆ ಅವಳ ಹಾಲೂ ಬತ್ತುತ್ತದೆ, ಕ್ರಮೇಣ ಅಕ್ಕರೆಯೂ ಬತ್ತುತ್ತದೆ. ಆದುದರಿಂದ ತಾಯಿಯು ಬಳಿಯಲ್ಲಿದ್ದು ಹಾಲೂಡಿಸಬೇಕೆಂದು ಅವನು ಒತ್ತಿ ಹೇಳಿದನು.

ಈ ಎಚ್ಚರಿಕೆಯನ್ನು ಮುಂದಿನವರು ಮರೆತರು. ಅಮೆರಿಕದ ಕೋನಿ ಐಲೆಂಡಿನ ವಿಹಾರಸ್ಥಳದಲ್ಲಿ ಮಾರ್ಟಿನ್ ಕೂನಿ ಎಂಬಾತನು ೧೯೦೩ರಿಂದ ೧೯೪೩ರವರೆಗೆ ಕಾವುಪೆಟ್ಟಿಗೆಯ ಕೂಸುಗಳನ್ನು ಹಣ ಪಡೆದು ಪ್ರದರ್ಶನಕ್ಕಿಟ್ಟಿದ್ದನು. ದಾದಿಯರ ಎದೆಹಾಲು ಅಲ್ಲಿ ದೊರೆಯುತ್ತಿದ್ದಿತು. ಅದರಿಂದ ಅನೇಕ ಕೂಸುಗಳು ಬದುಕಿದುವೆಂಬುದು ನಿಜ. ಆದರೆ ಗಾಜಿನಾಚೆ ನಿಂತು ನೋಡುವ ಪ್ರೇಕ್ಷಕರಿಗೆ ಇದ್ದ ಸ್ಥಾನ ತಾಯಿಗಿರಲಿಲ್ಲ. ಇತ್ತ ವಿಯೆನ್ನಾ ನಗರದಲ್ಲಿ ೧೯೦೯ರಲ್ಲಿ ಜಗತ್ತಿನ ಮೊದಲ ತಾಯಿಹಾಲಿನ ಭಂಡಾರವು ಸ್ಥಾಪಿತವಾಯಿತು.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಆಸ್ಪತ್ರೆಯು ಎರಡು ತಪ್ಪು ಹೆಜ್ಜೆಗಳನ್ನಿಟ್ಟಿತು. ಹಾಲು ಉಸಿರುನಾಳಕ್ಕೆ ಹೋದೀತೆಂಬ ಭಯದಿಂದ ದಿನ ತುಂಬದ ಕೂಸುಗಳನ್ನು ಒಂದೆರಡು ದಿನ, ಕೆಲವೆಡೆ ಮೂರು ದಿನಗಳವರೆಗೂ ಉಪವಾಸವಿರಿಸುವುದು ೧೯೪೦ ಮತ್ತು ೧೯೫೦ರ ದಶಕಗಳಲ್ಲಿ ಪಾಶ್ಚಾತ್ಯ ಆಸ್ಪತ್ರೆಗಳ ವಾಡಿಕೆಯಾಯಿತು. ಆಕ್ಸ್‌ಫರ್ಡಿನ ವಿಕ್ಟೋರಿಯಾ ಸ್ಮಾಲ್‌ಪೀಸ್ ಮತ್ತು ಪಮೇಲಾ ಡೇವೀಸ್ ಎಂಬ ವೈದ್ಯೆಯರು, ನೀರು ಬೆರಸದ ತಾಯಿಹಾಲನ್ನು ಹುಟ್ಟಿದೊಡನೆಯೇ ಕೊಡಬಹುದೆಂದು ೧೯೬೪ರಲ್ಲಿ ತೋರಿಸಿದ ಮೇಲೆ ಈ ವಾಡಿಕೆ ಸಡಿಲವಾಯಿತು. ಕಾರಣಗಳು ಬೇರೆಯಾದರೂ, ಹಳ್ಳಿಯ ಸೂಲಗಿತ್ತಿಯೂ ಮಹಾನಗರದ ಮಕ್ಕಳ ತಜ್ಞನೂ ಒಂದೇ ಕಾಲದಲ್ಲಿ ಕೂಸಿನಿಂದ ಮೊದಲ ಮೂರು ದಿನಗಳ ಹಾಲನ್ನು ತಪ್ಪಿಸಿದರು. ಒಬ್ಬಳನ್ನು ಮೂಢಳೆಂದು ಕರೆಯುವವರು ಇನ್ನೊಬ್ಬನನ್ನು ಏನೆಂದು ಕರೆಯಬೇಕು?

ಎರಡನೆಯ ಹೆಜ್ಜೆ ಹೀಗಾಯಿತು. ಕೆನೆ ಅರ್ಧ ತೆಗೆದ ಹಸುವಿನ ಹಾಲಿನಿಂದ ಮಾಡಿದ ಆಹಾರದಲ್ಲಿ ಇಂತಹ ಕೂಸುಗಳ ತೂಕ ತಾಯಿಹಾಲಿಗಿಂತ ಬೇಗ ಏರುವುದೆಂದು ಅಮೆರಿಕದ ಗಾರ್ಡನ್, ಲೆವೀನ್ ಮೊದಲಾದವರು ೧೯೪೭ರಲ್ಲಿ ಪ್ರಕಟಿಸಿದರು. ತೂಕವೇ ಆರೋಗ್ಯದ ಏಕೈಕ ಪ್ರಮಾಣವೆಂದು ಭಾವಿಸಿದ ಕಾಲದಲ್ಲಿ ಇದು ತಾಯಿಹಾಲಿನ ಪ್ರತಿಷ್ಠೆಯನ್ನು ಬಹುವಾಗಿ ಕುಗ್ಗಿಸಿತು.

೫. ಕೂನೂರು ಮತ್ತು ಮೈಸೂರು

ರಾಮಾಪುರದ ಸೀಮೆಗೆ ಸಮೀಪದಲ್ಲಿಯೇ ಇದ್ದ ಎರಡು ಸಂಶೋಧನ ಕೇಂದ್ರಗಳು ಈ ಇತಿಹಾಸದಲ್ಲಿ ಪಾತ್ರ ವಹಿಸಿದುವು. ಒಂದು ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣ ಸಂಶೋಧನಾಲಯ. ರಾಬರ್ಟ್ ಮೆಕ್ಯಾರಿಸನ್ನನು ಬೆಳೆಸಿದ ಈ ಸಂಸ್ಥೆಯು ೧೯೫೮ರಲ್ಲಿ ಹೈದರಾಬಾದಿಗೆ ವರ್ಗವಾಯಿತು. ಕೊಳ್ಳೇಗಾಲವು ಮದರಾಸು ರಾಜ್ಯದಲ್ಲಿದ್ದ ಕೊನೆಯ ವರ್ಷಗಳಲ್ಲಿ ಸಿ. ಗೋಪಾಲನ್ನರು ಬಡತಾಯಂದಿರ ಸ್ತನ್ಯವನ್ನು ಕುರಿತು ಅಲ್ಲಿ ಸಂಶೋಧನೆಗಳನ್ನು ನಡೆಸಿದರು. ಅರೆಹೊಟ್ಟೆಯಲ್ಲಿದ್ದ ಈ ತಾಯಂದಿರು ದೀರ್ಘಕಾಲ ಹಾಲೂಡಿಸಬಲ್ಲವರಾಗಿದ್ದರು. ಅವರ ಹಾಲಿನಲ್ಲಿ ಪ್ರೋಟೀನು, ಎಂದರೆ ಸಸಾರಜನಕವು, ಉಂಡುಟ್ಟವರ ಹಾಲಿಗಿಂತ ಬಹಳವೇನೂ ಕುಂದಿರಲಿಲ್ಲ. ತಾಯಿಯ ದೇಹವು ತನ್ನನ್ನು ಸವೆಸಿಕೊಂಡು ಹಾಲಿನ ಗುಣವನ್ನು ಕಾಪಾಡುತ್ತಿದ್ದಿತು. ಬಡವಳ ಹಾಲು ಸತ್ತ್ವಹೀನವೆಂಬ ಮಾತಿಗೆ ಆಧಾರವಿಲ್ಲ; ಆದರೆ ಆ ಹಾಲಿನ ಬೆಲೆಯನ್ನು ತೆರುವವಳು ತಾಯಿ.

ಇನ್ನೊಂದು ಕೇಂದ್ರವು ೧೯೫೦ರಲ್ಲಿ ಮೈಸೂರಿನ ಚೆಲುವಾಂಬಾ ವಿಲಾಸಭವನದಲ್ಲಿ ಆರಂಭವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯ. ಎಮ್ಮೆಯ ಹಾಲಿನಿಂದ ಶಿಶುಗಳ ಆಹಾರದ ಪುಡಿಯನ್ನು ತಯಾರಿಸುವ ವಿಧಾನವನ್ನು ಇಲ್ಲಿಯ ವಿಜ್ಞಾನಿಗಳು ರೂಪಿಸಿದರು. ಗುಜರಾತಿನ ಖೇಡಾ ಜಿಲ್ಲೆಯ ಹಾಲು ಸಹಕಾರ ಸಂಘವು ಅದನ್ನು ೧೯೬೦ರಲ್ಲಿ ಅಮುಲ್ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಪರದೇಶದ ಪುಡಿಯನ್ನು ಅವಲಂಬಿಸದೆ, ತಾಯಿಯಿಲ್ಲದ ಕೂಸುಗಳಿಗೂ ಆಹಾರ ದೊರೆಯಲೆಂಬ ಸದುದ್ದೇಶ ಅದರ ಹಿಂದೆ ಇದ್ದಿತು. ವಿಜ್ಞಾನದ ದೃಷ್ಟಿಯಿಂದ ಅದು ಹೆಮ್ಮೆಪಡತಕ್ಕ ಸಾಧನೆಯೇ ಸರಿ. ಮೈಸೂರಿನಲ್ಲಿ ಹೆಂಗಸರ ಮತ್ತು ಮಕ್ಕಳ ದೊಡ್ಡ ಸರ್ಕಾರಿ ಆಸ್ಪತ್ರೆಗೂ ಚೆಲುವಾಂಬಾ ಎಂಬುದೇ ಹೆಸರಾಗಿದೆ. ಒಂದೇ ಹೆಸರಿನ ಎರಡು ಮನೆಗಳಲ್ಲಿ ಒಂದರಲ್ಲಿ ತಾಯಂದಿರು, ಇನ್ನೊಂದರಲ್ಲಿ ಹಾಲಿನ ಪುಡಿಯ ವಿಧಾನ!

ಉದ್ದೇಶ ಯಾವುದೇ ಇರಲಿ, ಡಬ್ಬಿಯ ಹಾಲು ಬೇಕಾಗಿದ್ದವರಿಗಿಂತ ಬೇಡವಾಗಿದ್ದವರಿಗೇ ಹೆಚ್ಚಾಗಿ ತಲುಪಿತು. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು ೧೯೩೯ರಷ್ಟು ಹಿಂದೆಯೇ ಸಿಂಗಪುರದಲ್ಲಿ ಮಾಡಿದ ಭಾಷಣದಲ್ಲಿ ಹಾಲಿನ ಪುಡಿಯ ಪ್ರಚಾರದಿಂದಾಗುವ ಶಿಶುಮರಣವನ್ನು ಕೊಲೆಗೆ ಹೋಲಿಸಿದ್ದಳು. ಶುದ್ಧ ನೀರಿಲ್ಲದ ಕಡೆ, ಡಬ್ಬಿ ಬೇಗ ಮುಗಿಯದಿರಲೆಂದು ನೀರನ್ನೇ ಹೆಚ್ಚಿಸುವ ಬಡಮನೆಯಲ್ಲಿ, ಶೀಷೆಯ ಹಾಲು ಭೇದಿಗೂ ಕ್ಷಯಕ್ಕೂ ದಾರಿಯಾಗುತ್ತಿದ್ದಿತು. ವಿಶ್ವ ಆರೋಗ್ಯ ಸಭೆಯು ೧೯೮೧ರಲ್ಲಿ ಇಂತಹ ಮಾರಾಟಕ್ಕೆ ನಿಯಮಾವಳಿಯನ್ನು ಅಂಗೀಕರಿಸಿತು. ಭಾರತದ ಸಂಸತ್ತು ೧೯೯೨ರಲ್ಲಿ ಶಿಶುಹಾಲಿನ ಬದಲಿ ಪದಾರ್ಥಗಳನ್ನೂ ಹಾಲಿನ ಶೀಷೆಗಳನ್ನೂ ಕುರಿತ ಕಾನೂನನ್ನು ಮಾಡಿ, ೨೦೦೩ರಲ್ಲಿ ಅದನ್ನು ಮತ್ತಷ್ಟು ಬಿಗಿಗೊಳಿಸಿತು.

೬. ತಾಯಿಹಾಲಿನ ಪುನಃಪ್ರತಿಷ್ಠೆ

ತಾಯಿಹಾಲಿನ ಪರವಾದ ನಿರ್ಣಾಯಕ ಸಾಕ್ಷ್ಯವು ೧೯೭೦ರ ದಶಕದ ಕೊನೆಯಿಂದ ಒಂದೊಂದಾಗಿ ಹೊರಬಂದಿತು. ದಿನ ತುಂಬದೆ ಹೆತ್ತ ತಾಯಿಯ ಹಾಲಿನಲ್ಲಿ ಮೊದಲ ವಾರಗಳಲ್ಲಿ ಸಾರಜನಕದ ಅಂಶವು ದಿನ ತುಂಬಿ ಹೆತ್ತವಳ ಹಾಲಿಗಿಂತ ಹೆಚ್ಚಾಗಿರುವುದೆಂದು ಕೆನಡಾದ ಆಟ್ಕಿನ್‌ಸನ್ ಮತ್ತು ಸಂಗಡಿಗರು ೧೯೭೮ರಲ್ಲಿ ತೋರಿಸಿದರು. ದೆಹಲಿಯಲ್ಲಿ ಇಂದಿರಾ ನಾರಾಯಣನ್ ಮತ್ತು ಸಂಗಡಿಗರು ೧೯೮೦ರಿಂದ ೧೯೮೪ರವರೆಗೆ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಹಿಂಡಿದ ತಾಯಿಹಾಲನ್ನು ಪಡೆದ ಕಡಿಮೆ ತೂಕದ ಕೂಸುಗಳಿಗೆ ಸೋಂಕು ಕಡಿಮೆಯಾದುದು ಕಂಡುಬಂದಿತು. ಇಂಗ್ಲೆಂಡಿನ ಲೂಕಾಸ್ ಮತ್ತು ಕೋಲ್ ಎಂಬುವರು ೯೨೬ ದಿನ ತುಂಬದ ಕೂಸುಗಳನ್ನು ಪರಿಶೀಲಿಸಿ ೧೯೯೦ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕರುಳಿನ ಭಿತ್ತಿ ಕೊಳೆಯುವ ಮಾರಕ ರೋಗವು ಕೇವಲ ತಾಯಿಹಾಲುಂಡವುಗಳಿಗಿಂತ ಕೇವಲ ಡಬ್ಬಿಯ ಹಾಲುಂಡವುಗಳಲ್ಲಿ ಆರರಿಂದ ಹತ್ತು ಪಟ್ಟು ಹೆಚ್ಚು. ೧೯೪೭ರ ತಕ್ಕಡಿಯು ತೂಕವನ್ನು ಅಳೆದಿದ್ದಿತು. ೧೯೯೦ರ ಲೆಕ್ಕವು ಜೀವವನ್ನು ಅಳೆಯಿತು.

ಹಾಗೆಂದು ತಾಯಿಹಾಲೊಂದೇ ಎಲ್ಲ ದಿನ ತುಂಬದ ಕೂಸುಗಳಿಗೂ ಸಾಕೆನ್ನುವುದು ಉತ್ಪ್ರೇಕ್ಷೆಯಾದೀತು. ಒಂದು ಕಿಲೋಗ್ರಾಂ ತೂಕದ ಕೂಸಿಗೆ ದಿನಕ್ಕೆ ಸುಮಾರು ೧೮೦ ಮಿಲಿಲೀಟರು ಹಾಲು ಕೊಡಬಹುದೆನ್ನೋಣ. ನೂರು ಮಿಲಿಲೀಟರು ಬಲಿತ ಎದೆಹಾಲಿನಲ್ಲಿ ಸುಮಾರು ೬೫ರಿಂದ ೭೦ ಕ್ಯಾಲೊರಿ ಶಕ್ತಿಯೂ ಒಂದು ಗ್ರಾಮಿನಷ್ಟು ಪ್ರೋಟೀನೂ ಇರುತ್ತವೆ. ಹೀಗೆ ಶಕ್ತಿ ಸುಮಾರು ೧೨೦ ಕ್ಯಾಲೊರಿ ಒದಗಿ ಬಹುಮಟ್ಟಿಗೆ ಸಾಕಾಗುತ್ತದೆ. ಆದರೆ ಪ್ರೋಟೀನು ೧.೮ ಗ್ರಾಂ ಮಾತ್ರ ದೊರೆತು, ಬೇಕಾದ ಮೂರೂವರೆಯಿಂದ ನಾಲ್ಕು ಗ್ರಾಮುಗಳ ಅರ್ಧದಷ್ಟಕ್ಕೆ ನಿಲ್ಲುತ್ತದೆ. ಸುಣ್ಣಾಂಶ, ರಂಜಕ, ಕಬ್ಬಿಣಾಂಶಗಳೂ ಕೊರೆಯಾಗುತ್ತವೆ. ಆದಕಾರಣ ೩೨ ವಾರಗಳಿಗೆ ಮೊದಲು ಹುಟ್ಟಿದ ಅಥವಾ ಒಂದೂವರೆ ಕಿಲೋಗ್ರಾಮಿಗಿಂತ ಹಗುರವಾದ ಕೂಸುಗಳಿಗೆ ತಾಯಿಹಾಲಿಗೇ ಪೋಷಕಾಂಶಗಳನ್ನು ಬೆರಸಿ ಕೊಡುವುದನ್ನು ಪರಿಗಣಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ೨೦೨೨ರ ಶಿಫಾರಸು ಹೇಳುತ್ತದೆ. ಮೊದಲು ತಾಯಿಯ ಹಾಲು, ಅದು ದೊರೆಯದಿದ್ದಲ್ಲಿ ದಾನಿಯ ಹಾಲು ಎಂಬುದು ಅಲ್ಲಿಯ ಕ್ರಮ.

ದಾನಿಯ ಹಾಲಿಗಾಗಿ ಏಷ್ಯಾದ ಮೊದಲ ಭಂಡಾರವನ್ನು ಮುಂಬಯಿಯ ಸಯನ್ನಿನ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ ಆರ್ಮಿಡಾ ಫರ್ನಾಂಡಿಸ್ ಅವರು ೧೯೮೯ರಲ್ಲಿ ಸ್ಥಾಪಿಸಿದರು. ದಾನಿಯ ರಕ್ತವನ್ನು ಪರೀಕ್ಷಿಸಿ, ಹಾಲನ್ನು ೬೨.೫ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ೩೦ ನಿಮಿಷವಿರಿಸಿ, ಮತ್ತೆ ತಣಿಸಿ, ಹೆಪ್ಪುಗಟ್ಟಿಸಿ ಕಾದಿಡುವುದು ಇಂತಹ ಭಂಡಾರದ ಪದ್ಧತಿ. ಸಾರ್ವಜನಿಕ ಆಸ್ಪತ್ರೆಗಳಲ್ಲಿ ಇಂತಹ ಕೇಂದ್ರಗಳಿಗಾಗಿ ಭಾರತ ಸರ್ಕಾರವು ೨೦೧೭ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ೨೦೨೨ರಲ್ಲಿ ‘ಅಮೃತಧಾರೆ’ ಎಂಬ ಭಂಡಾರವು ಆರಂಭವಾಯಿತು.

ತಾಯಿಯನ್ನೂ ಕೂಸನ್ನೂ ಅಗಲಿಸಿದ ತಪ್ಪಿಗೆ ಪ್ರಾಯಶ್ಚಿತ್ತವು ದೊರೆತುದು ಬಡದೇಶವೊಂದರಲ್ಲಿ. ಕೊಲಂಬಿಯಾದ ಬೊಗೊಟಾ ನಗರದಲ್ಲಿ ಕಾವುಪೆಟ್ಟಿಗೆಗಳು ಸಾಲದೆ ಹೋದಾಗ ಎಡ್ಗರ್ ರೇ ಎಂಬ ವೈದ್ಯನು ೧೯೭೦ರ ದಶಕದ ಕೊನೆಯಲ್ಲಿ ಕೂಸನ್ನು ತಾಯಿಯ ಬರಿಯ ಎದೆಗೆ ಕಟ್ಟಿಸಿ ಮೈಶಾಖವನ್ನೂ ಹಾಲನ್ನೂ ಒಟ್ಟಿಗೆ ಒದಗಿಸಿದನು. ಇದೇ ಕಾಂಗರೂ ಆರೈಕೆ. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ೧ ಕಿಲೋಗ್ರಾಮಿನಿಂದ ೧.೮ ಕಿಲೋಗ್ರಾಮಿನೊಳಗಿನ ಕೂಸುಗಳಿಗೆ ಹುಟ್ಟಿದೊಡನೆಯೇ ಈ ಆರೈಕೆಯನ್ನು ಕೊಟ್ಟಾಗ, ಮೊದಲ ೨೮ ದಿನಗಳ ಮರಣವು ಶೇಕಡ ೧೫.೭ರಿಂದ ೧೨ಕ್ಕೆ ಇಳಿಯಿತೆಂದು ೨೦೨೧ರ ವರದಿ ತಿಳಿಸುತ್ತದೆ. ಹರಿಯಾಣದಲ್ಲಿ ಮನೆಗಳಲ್ಲಿಯೇ ಇದನ್ನು ಆರಂಭಿಸಿ ಮರಣವನ್ನು ತಗ್ಗಿಸಿದ ಪರೀಕ್ಷೆಯು ೨೦೧೯ರಲ್ಲಿ ಪ್ರಕಟವಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆಗಳ ಮೂಲಕವೇ ಇದನ್ನು ಹಬ್ಬಿಸುವ ಪ್ರಯತ್ನವನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ನಡೆಸಿ ೨೦೨೧ರಲ್ಲಿ ವರದಿ ಮಾಡಿದ್ದಾರೆ.

ಒಳಲೆಗೂ ಇದೇ ಅವಧಿಯಲ್ಲಿ ಮನ್ನಣೆ ದೊರೆಯಿತು. ಒಳಲೆ, ಬಟ್ಟಲು, ಶೀಷೆ ಈ ಮೂರನ್ನೂ ಹೋಲಿಸಿ ದೆಹಲಿಯಲ್ಲಿ ನಡೆಸಿ ೧೯೯೯ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಳಲೆಯಿಂದ ಕೂಸುಗಳು ಕಡಿಮೆ ವೇಳೆಯಲ್ಲಿ ಹೆಚ್ಚು ಹಾಲನ್ನು ನೆಮ್ಮದಿಯಾಗಿ ಕುಡಿದುವೆಂದು ಸಿದ್ಧವಾಯಿತು. ಇಂದು ನವಜಾತ ಶಿಶುಗಳ ಆರೈಕೆಯ ಘಟಕಗಳಲ್ಲಿ ತಮಿಳಿನ ಪಾಲಾಡೈ ಎಂಬ ಹೆಸರಿನಿಂದಲೇ ಅದು ಬಳಕೆಯಲ್ಲಿದೆ.

೭. ರಾಮಾಪುರಕ್ಕೆ ಇದರ ಅರ್ಥ

ಮೇಲ್ಕಂಡ ಇತಿಹಾಸದಿಂದ ರಾಮಾಪುರದಂತಹ ಸೀಮೆಗೆ ಏನು ತಿಳಿದುಬರುತ್ತದೆ? ಹಾಲಿನ ಭಂಡಾರವು ಬೆಂಗಳೂರಿನಲ್ಲಿದೆ. ಕಾಡಂಚಿನ ಊರಿನಲ್ಲಿ ಹುಟ್ಟಿದ ಕೂಸಿಗೆ ಮೊದಲ ಗಂಟೆಯಲ್ಲಿ ಅದರಿಂದ ಪ್ರಯೋಜನವಿಲ್ಲ. ಆ ಗಂಟೆಯಲ್ಲಿ ದೊರೆಯುವ ಭಂಡಾರವು ತಾಯಿಯೊಬ್ಬಳೇ. ಅವಳು ಕೈಯಿಂದ ಹಾಲನ್ನು ಹಿಂಡಲು ಕಲಿತಿದ್ದರೆ, ನುಂಗಬಲ್ಲ ಕೂಸಿಗೆ ಕುದಿಯುವ ನೀರಿನಲ್ಲಿ ಶುದ್ಧಮಾಡಿದ ಒಳಲೆಯಿಂದ ಅದನ್ನು ಹನಿಸಬಹುದು. ನುಂಗಲಾರದ ಕೂಸಿಗೆ ಮನೆಯಲ್ಲಿ ಬಾಯಿಗೆ ಸುರಿಯುವುದು ಅಪಾಯಕರವಾದುದರಿಂದ, ಎದೆಗವಚಿಕೊಂಡೇ ಆಸ್ಪತ್ರೆಗೆ ಒಯ್ಯಬೇಕು. ೨೦೧೧ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಇಂತಹ ಕೂಸಿಗೆ ಸರ್ಕಾರಿ ವಾಹನವನ್ನೂ ಚಿಕಿತ್ಸೆಯನ್ನೂ ಉಚಿತವಾಗಿ ಕೊಡಬೇಕೆಂದು ವಿಧಿಸಿದೆ. ಆದರೆ ವಾಹನವು ಬರಬೇಕಾದರೆ ರಸ್ತೆಯಿರಬೇಕು. ತಾಯಿಯ ಆಹಾರಕ್ಕಾಗಿ ೨೦೧೭ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಊಟವನ್ನು ಕೂನೂರಿನ ಸಂಶೋಧನೆಯ ಬೆಳಕಿನಲ್ಲಿ ಕಾಣುವುದಾದರೆ, ಅದು ದಾನವಾಗಿ ತೋರುವುದಿಲ್ಲ. ತಾಯಿಯ ದೇಹದಿಂದ ಸಮಾಜವು ಪಡೆದ ಸಾಲದ ತೀರುವಳಿಯಾಗಿ ತೋರುತ್ತದೆ.

ನೆರೆಯ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕರುಣಾ ಟ್ರಸ್ಟಿನವರು ೧೯೯೬ರಲ್ಲಿ ವಹಿಸಿಕೊಂಡು ನಡೆಸಿದ ಕಾರ್ಯವು ಪ್ರಸಿದ್ಧವಾಗಿದೆ. ಹಳ್ಳಿಯ ಆರೋಗ್ಯ ಕೇಂದ್ರವೂ ಸುವ್ಯವಸ್ಥಿತವಾಗಿ ನಡೆಯಬಲ್ಲುದೆಂಬುದಕ್ಕೆ ಬೇರೆ ನಾಡಿನ ನಿದರ್ಶನವನ್ನು ಹುಡುಕಬೇಕಾಗಿಲ್ಲ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಶಾಸನಗಳನ್ನೂ ಕಡತಗಳನ್ನೂ ಹುಡುಕುವ ಶ್ರದ್ಧೆಯಿಂದಲೇ ಈ ಸೀಮೆಯ ಹಿರಿಯ ಸೂಲಗಿತ್ತಿಯರ ಅನುಭವವನ್ನೂ ಬರೆದಿಡಬೇಕು. ಮನೆಗಳ ಅಟ್ಟದಲ್ಲಿ ಬಿದ್ದಿರುವ ಒಳಲೆಗಳ ಆಕಾರ, ಅಳತೆ, ಲೋಹ, ಸ್ಥಳೀಯ ಹೆಸರುಗಳನ್ನು ಗುರುತು ಮಾಡಿಕೊಳ್ಳಬೇಕು. ದಿನ ತುಂಬದೆ ಹುಟ್ಟಿಯೂ ಬದುಕಿ ಬೆಳೆದವರು ಊರೂರಿನಲ್ಲಿಯೂ ಇದ್ದಾರೆ. ಅವರಿಗೆ ಯಾರು, ಯಾವ ಹಾಲನ್ನು, ಹೇಗೆ ಕುಡಿಸಿದರೆಂಬುದನ್ನು ಕೇಳಿ ತಿಳಿಯಬೇಕು. ಕೇಳುವ ಕೆಲಸವನ್ನು ಬೇಗ ಆರಂಭಿಸಬೇಕು, ಹೇಳಬಲ್ಲವರಿಗೆ ವಯಸ್ಸಾಗಿದೆ.